ನಡುರಾತ್ರಿಯ ವಿಮಾನ, ಬಾಡಿಗೆಯ ದುಡಿಮೆ

ಗಂಡಸಿ ಹ್ಯಾಂಡ್‌ಪೋಸ್ಟ್‌ನಲ್ಲಿ ರಾತ್ರಿ ಲಾರಿ ನಿಲ್ಲಿಸಿ ಟೀ ಕುಡಿಯುವ ಡ್ರೈವರನ್ನು ಕೇಳಿ ನೋಡಿ. ಸಂಬಳ ಇಷ್ಟು, ಬಾಟಾ ಇಷ್ಟು, ಲೋಡು ಸಿಗದಿದ್ದರೆ ಬಾಟಾ ಇಲ್ಲ ಎನ್ನುತ್ತಾನೆ. ಸರಕು ವಿಮಾನದ ಪೈಲಟ್‌ನ ಲೆಕ್ಕವೂ ಬಹುಮಟ್ಟಿಗೆ ಇದೇ ಎಂದರೆ ನಂಬುವವರು ಕಡಿಮೆ.

ಅರಸೀಕೆರೆ ತಾಲ್ಲೂಕಿಗೂ ಸರಕು ವಿಮಾನಕ್ಕೂ ಒಂದು ನಂಟಿದೆ. ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಸೈನ್ಯ ಬಿಟ್ಟು ಬಂದು ರೇಷ್ಮೆ ಕೃಷಿ ಮಾಡಿದ್ದು ಇಲ್ಲಿನ ಜಾವಗಲ್ ಸಮೀಪ. 2003ರಲ್ಲಿ ಏರ್ ಡೆಕ್ಕನ್ ಹಾರಿಸಿದ ಅವರು 2009ರಲ್ಲಿ ಸರಕಿಗೆಂದೇ 'ಡೆಕ್ಕನ್ 360' ಆರಂಭಿಸಿದರು. ಊರೂರಿನ ಪಾರ್ಸಲನ್ನು ರಾತ್ರಿ ನಾಗಪುರದಲ್ಲಿ ವಿಂಗಡಿಸಿ ಬೆಳಗಾಗುವುದರೊಳಗೆ ಮುಟ್ಟಿಸುವುದು ಯೋಜನೆ. 2011ರಲ್ಲಿ ಹಾರಾಟ ನಿಂತಿತು.

ನಾಗಪುರದ ಉಪಾಯ ಹೊಸದಲ್ಲ. 1949ರ ಜನವರಿಯಲ್ಲಿ ಶುರುವಾದ ರಾತ್ರಿ ಟಪಾಲು ಸೇವೆಯಲ್ಲಿ ದೆಹಲಿ, ಮುಂಬಯಿ, ಕಲ್ಕತ್ತ, ಮದರಾಸುಗಳ ವಿಮಾನಗಳು ನಡುರಾತ್ರಿ ಅಲ್ಲಿಯೇ ಸೇರಿ, ಚೀಲಗಳನ್ನು ಅದಲುಬದಲು ಮಾಡಿಕೊಂಡು ಹಿಂದಿರುಗುತ್ತಿದ್ದವು. ಆಗ ಅದು ಖಾಸಗಿ ಕಂಪನಿಗಳ ಕೆಲಸ. 1953ರ ರಾಷ್ಟ್ರೀಕರಣದಲ್ಲಿ ಎಂಟು ಕಂಪನಿಗಳು ಸೇರಿ ಇಂಡಿಯನ್ ಏರ್‌ಲೈನ್ಸ್ ಆದಾಗ ಪೈಲಟ್‌ಗಳಿಗೆ ಸಂಬಳದ ಮಾತಾಡಲು ಒಬ್ಬನೇ ಯಜಮಾನ ಸಿಕ್ಕಿದ. 1994ರಲ್ಲಿ ಆ ಕಾಯ್ದೆ ರದ್ದಾಯಿತು, ಯಜಮಾನರು ಮತ್ತೆ ಹಲವರಾದರು.

ಈಗಿನ ಬಾಡಿಗೆ ಪದ್ಧತಿಗೆ 'ವೆಟ್ ಲೀಸ್' ಎನ್ನುತ್ತಾರೆ. ವಿಮಾನ, ಪೈಲಟ್, ದುರಸ್ತಿ, ವಿಮೆ ಒಬ್ಬರದು, ಸರಕು ಮತ್ತೊಬ್ಬರದು. ಬಾಡಿಗೆ ಹಾರಾಟದ ಗಂಟೆ ಲೆಕ್ಕದಲ್ಲಿ. 2023ರ ಜನವರಿಯಲ್ಲಿ ಹೈದರಾಬಾದಿನಲ್ಲಿ ಅಮೆಜಾನ್ ತನ್ನ ಸರಕು ವಿಮಾನ ಸೇವೆ ಆರಂಭಿಸಿದಾಗ ವಿಮಾನ ಹಾರಿಸಿದ್ದು ಬೆಂಗಳೂರಿನ ಕ್ವಿಕ್‌ಜೆಟ್. ಇಂಥ ಏರ್ಪಾಡಿನಲ್ಲಿ ಪೈಲಟ್‌ಗೆ ಸಂಬಳ ಕೊಡುವವರು ಬೇರೆ, ಎಷ್ಟು ಹಾರಬೇಕೆಂದು ನಿರ್ಧರಿಸುವವರು ಬೇರೆ. ಖಾತರಿ ಗಂಟೆಗಳ ಮೇಲೆ ಹಾರಿದಷ್ಟಕ್ಕೆ ಹಣ ಎಂಬ ಕರಾರಿದ್ದರೆ, ಸರಕು ಇಳಿದ ತಿಂಗಳು ಸಂಬಳವೂ ಇಳಿಯುತ್ತದೆ. ಆಗ ದೂರು ಹೇಳುವುದು ಯಾರ ಮುಂದೆ?

ನ್ಯಾಯಾಲಯಕ್ಕೆ ಹೋದರೆ ಮೊದಲ ತಕರಾರೇ ಬೇರೆ: ಪೈಲಟ್ ಕಾರ್ಮಿಕನೋ ಅಲ್ಲವೋ? 1947ರ ಕೈಗಾರಿಕಾ ವಿವಾದ ಕಾಯ್ದೆ ಕುಶಲ ಹಾಗೂ ತಾಂತ್ರಿಕ ಕೆಲಸಗಾರರನ್ನು, ಸಂಬಳ ಎಷ್ಟೇ ಇರಲಿ, ಕಾರ್ಮಿಕರೆಂದಿತ್ತು. ಮೇಲ್ವಿಚಾರಕರಿಗೆ ಮಾತ್ರ ತಿಂಗಳಿಗೆ 1,600 ರೂಪಾಯಿಯ ಮಿತಿ. 2010ರಲ್ಲಿ ಅದು 10,000 ಆಯಿತು. ಪಕ್ಕದಲ್ಲಿ ಸಹಪೈಲಟ್ ಕೂತಿರುವುದರಿಂದ ಕಮಾಂಡರ್ ಮೇಲ್ವಿಚಾರಕ ಎಂಬುದು ಕಂಪನಿಗಳ ವಾದ. ಹಾಗಾದರೆ ಕ್ಲೀನರ್ ಇಟ್ಟುಕೊಂಡ ಲಾರಿ ಡ್ರೈವರೂ ಮೇಲ್ವಿಚಾರಕನೇ!

ಇದು ಬರಿಯ ಪದದ ಜಗಳವಲ್ಲ. 1985ರಲ್ಲಿ ಕಂಪನಿ ಕಾಯ್ದೆಗೆ ಸೇರಿದ ಕಲಂ 529ಎ ಪ್ರಕಾರ, ಮುಚ್ಚಿದ ಕಂಪನಿಯ ಆಸ್ತಿ ಮಾರಿದಾಗ ಕಾರ್ಮಿಕರ ಬಾಕಿಗೆ ಅಡಮಾನದ ಸಾಲಗಾರರ ಸರಿಸಮಾನ ಸ್ಥಾನವಿತ್ತು. ಕಾರ್ಮಿಕನಲ್ಲದ ನೌಕರನಿಗೆ ಅವರ ಹಿಂದೆ ಜಾಗ. ಬೆಂಗಳೂರಿನ ಕಿಂಗ್‌ಫಿಷರ್ ಪ್ರಯಾಣಿಕರ ವಿಮಾನ ಸಂಸ್ಥೆಯಾದರೂ ಪ್ರಶ್ನೆ ಇದೇ. ತಿಂಗಳುಗಟ್ಟಲೆ ಸಂಬಳವಿಲ್ಲದ ಪೈಲಟ್‌ಗಳು, ಎಂಜಿನಿಯರುಗಳು ಕೆಲಸ ನಿಲ್ಲಿಸಿದ್ದು 2012ರಲ್ಲಿ. ಕಂಪನಿಯ ಸಮಾಪನಕ್ಕೆ ಕರ್ನಾಟಕ ಹೈಕೋರ್ಟ್ ಆದೇಶಿಸಿದ್ದು 2016ರ ನವೆಂಬರಿನಲ್ಲಿ. ಅಷ್ಟು ಹೊತ್ತಿಗೆ ಸಾಲ ಕೊಟ್ಟ ಬ್ಯಾಂಕುಗಳು ಬಾಗಿಲಲ್ಲಿ ಸಾಲಾಗಿ ನಿಂತಿದ್ದವು.