ಸೊನ್ನೆಗೂ ಒಂದಕ್ಕೂ ನಡುವೆ

ಸೊನ್ನೆಗೂ ಒಂದಕ್ಕೂ ನಡುವೆ ಎಷ್ಟು ಸಂಖ್ಯೆಗಳಿವೆ ಎಂಬ ಪ್ರಶ್ನೆಯನ್ನು ನಾನು ಪ್ರತಿವರ್ಷವೂ ಎಂಟನೆಯ ತರಗತಿಯವರಿಗೆ ಕೇಳುತ್ತಿದ್ದೆ. ‘ಲೆಕ್ಕವಿಲ್ಲದಷ್ಟು’ ಎಂಬ ಉತ್ತರ ಬರುವ ತನಕ ಬಿಡುತ್ತಿರಲಿಲ್ಲವೆಂಬುದು ನನ್ನಲ್ಲಿ ಓದಿದವರಿಗೆ ನೆನಪಿರಬಹುದು. ಈಗ ನನ್ನ ಬಳಿಯಿರುವ ನಿಸ್ತಂತು ಹೆಡ್‌ಫೋನು ಆ ಪಾಠವನ್ನು ಒಪ್ಪುವುದಿಲ್ಲ. ಅದರ ಪಾಲಿಗೆ ಸೊನ್ನೆಯೆಂದರೆ ಪೂರ್ಣ ಮೌನ. ಒಂದೆಂದರೆ ಭಾಗವತರು ನನ್ನ ಹೆಗಲ ಮೇಲೆಯೇ ಕುಳಿತು ಪದ ಹೇಳಿದಂತೆ. ನಡುವೆ ಏನೂ ಇಲ್ಲ. ತಯಾರಕರ ಹೆಸರು ಇಲ್ಲಿ ಬೇಡ. ಬೇರೆ ಬೇರೆ ಕಂಪೆನಿಗಳದನ್ನು ಕೊಂಡ ನೆಂಟರಲ್ಲಿ ಹಲವರು ಇದನ್ನೇ ಹೇಳಿದರು. “ಕೇಳುವುದಿಲ್ಲ ಎಂದರೆ ದೂರು ಸರ್, ಚೆನ್ನಾಗಿ ಕೇಳುತ್ತದೆ ಎಂಬುದೂ ದೂರೇ?” ಎಂದು ಬಂಟ್ವಾಳದ ಹಳೆಯ ಶಿಷ್ಯನೊಬ್ಬ ನಕ್ಕ. ಅವನ ನಗುವಿನ ಹಿಂದೆ ದೊಡ್ಡದೊಂದು ಚರಿತ್ರೆಯಿದೆ. ಸದ್ದನ್ನು ಹೆಚ್ಚಿಸುವುದಕ್ಕಾಗಿ ಮನುಷ್ಯ ನೂರು ವರ್ಷ ಹೆಣಗಿದ್ದಾನೆ. ತಗ್ಗಿಸುವುದನ್ನು ಯಾರೂ ಅಷ್ಟು ಶ್ರದ್ಧೆಯಿಂದ ನೋಡಿಕೊಂಡಿಲ್ಲ.

ನಮ್ಮ ಸೀಮೆಯ ಸಂಗೀತಕ್ಕೆ ತಗ್ಗಿಸುವ ಗುಂಡಿ ಎಂದೂ ಇರಲಿಲ್ಲ. ಮೆಲ್ಲಗೆ ನುಡಿಯುವ ಚೆಂಡೆ ಚೆಂಡೆಯಲ್ಲ. ಆಟ ಆರಂಭವಾಗುವ ಮೊದಲು ಬಾರಿಸುವುದಕ್ಕೆ ‘ಕೇಳಿ’ ಎಂದೇ ಹೆಸರು. ಸುತ್ತಲಿನ ಊರುಗಳಿಗೆ ಇಂದು ಇಲ್ಲಿ ಆಟವಿದೆ ಎಂದು ಸಾರುವುದೇ ಅದರ ಉದ್ದೇಶ. ಮೂಡುಬಿದಿರೆಯ ಸಮೀಪ ನೆಲೆಸಿದ್ದ, ಕಟೀಲು ಮೇಳದ ಬಲಿಪ ನಾರಾಯಣ ಭಾಗವತರ (1938–2023) ಏರುಶ್ರುತಿಯ ಕಂಠವನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಆದರೂ ಗದ್ದೆಯ ಬಯಲಾಟ ಕಿವಿಗೆ ಹಿಂಸೆಯಾಗುತ್ತಿರಲಿಲ್ಲ. ಏಕೆಂದರೆ ತಗ್ಗಿಸುವ ಉಪಾಯ ಪ್ರೇಕ್ಷಕನ ಕಾಲಿನಲ್ಲಿತ್ತು. ಮಕ್ಕಳು ರಂಗಸ್ಥಳದ ಬುಡದಲ್ಲಿ. ನಿದ್ದೆ ತೂಗುವ ಹಿರಿಯರು ಹಿಂದೆ ಚಾಪೆಯ ಮೇಲೆ. ಅದಕ್ಕೂ ಹಿಂದೆ ಚಾ ಅಂಗಡಿಯ ಬೆಂಚು. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತದೆ. 5 ಮೀಟರಿನಿಂದ 80 ಮೀಟರಿಗೆ ಸರಿದು ಕುಳಿತವನು ನಾಲ್ಕು ಬಾರಿ ಇಮ್ಮಡಿಸಿದ್ದಾನೆ, ಅಂದರೆ 24 ಡೆಸಿಬೆಲ್ ತಗ್ಗಿಸಿಕೊಂಡಿದ್ದಾನೆ. ಬೆಳ್ತಂಗಡಿಯಲ್ಲಿದ್ದ ವರ್ಷಗಳಲ್ಲಿ ನಾನು ಅನೇಕ ಆಟಗಳನ್ನು ಹಾಸಿಗೆಯಲ್ಲಿ ಮಲಗಿಯೇ ಕೇಳಿದ್ದೇನೆ. ಗುಡ್ಡದಾಚೆಯ ಚೆಂಡೆ ಗಾಳಿ ಬೀಸಿದಾಗ ಹತ್ತಿರವಾಗಿ, ನಿಂತಾಗ ದೂರವಾಗಿ, ಬೆಳಗಿನ ಜಾವದವರೆಗೆ ಜೊತೆಯಿರುತ್ತಿತ್ತು. ಸೊನ್ನೆಗೂ ಒಂದಕ್ಕೂ ನಡುವಿನ ಸಂಖ್ಯೆಗಳೆಲ್ಲ ಆ ಗಾಳಿಯಲ್ಲಿದ್ದವು.

ಹೆಡ್‌ಫೋನು ಮಾಡಿದ ಮೊದಲ ಕೆಲಸವೆಂದರೆ ಈ ದೂರವನ್ನು ಅಳಿಸಿದ್ದು. ಹಾಗೆ ಮಾಡಲು ಅದಕ್ಕೆ ಬಲವಾದ ಕಾರಣವೂ ಇತ್ತು. ಆರಂಭದ ರೇಡಿಯೋಗಳಿಗೆ ವರ್ಧಕವೇ ಇರಲಿಲ್ಲ. ನಮ್ಮ ಜಗದೀಶಚಂದ್ರ ಬೋಸರು ಗೆಲೀನಾ ಎಂಬ ಸೀಸದ ಅದಿರಿನ ಹರಳಿನಿಂದ ವಿದ್ಯುತ್ಕಾಂತ ಅಲೆಗಳನ್ನು ಗುರುತಿಸುವ ಉಪಕರಣಕ್ಕೆ 1904ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ಅಂಥ ಹರಳಿನ ರೇಡಿಯೋಗಳಿಗೆ ಬ್ಯಾಟರಿಯೂ ಬೇಡ. ಆಂಟೆನಾದ ತಂತಿಗೆ ಸಿಕ್ಕಿದ ಅತ್ಯಲ್ಪ ಶಕ್ತಿಯೇ ಕಿವಿಗೆ ಮುಟ್ಟಬೇಕು. ಆದ್ದರಿಂದ ಕಿವಿಯ ಬಟ್ಟಲು ಎಷ್ಟು ಸೂಕ್ಷ್ಮವೋ ಅಷ್ಟು ಲಾಭ. 1910ರಲ್ಲಿ ಅಮೆರಿಕದ ಯೂಟಾ ಪ್ರಾಂತದ ನಥಾನಿಯಲ್ ಬಾಲ್ಡ್‌ವಿನ್ ಎಂಬಾತ ಮನೆಯ ಅಡುಗೆಕೋಣೆಯಲ್ಲಿ ತಯಾರಿಸಿದ ಹೆಡ್‌ಫೋನನ್ನು ಅಲ್ಲಿಯ ನೌಕಾಪಡೆ ಕೊಂಡದ್ದು ಅದರ ಸೂಕ್ಷ್ಮತೆಗಾಗಿಯೇ. ‘ಅಲ್ಪದಿಂದ ಅಧಿಕ ಸದ್ದು’ ಎಂಬ ಆ ಕಾಲದ ಸದ್ಗುಣ ಇಂದಿಗೂ ಪೆಟ್ಟಿಗೆಯ ಮೇಲೆ ಹೊಗಳಿಕೆಯಾಗಿ ಅಚ್ಚಾಗುತ್ತಿದೆ. ಅತ್ಯಲ್ಪ ಸಂಕೇತ ಕೊಟ್ಟರೂ ಜೋರಾಗಿ ನುಡಿಯುವ ಉಪಕರಣಕ್ಕೆ ಅಲ್ಪವಾಗಿ ನುಡಿಯುವುದು ಕಷ್ಟವಾಗುತ್ತದೆ ಎಂಬುದು ಹೊಗಳಿಕೆಯ ಇನ್ನೊಂದು ಮಗ್ಗುಲು.

ಕೊಠಡಿ ತುಂಬುವ ರೇಡಿಯೋ ಬಂದ ಮೇಲೆ ತಿರುಗಿಸುವ ಗುಂಡಿ ಬಂತು. ರೇಡಿಯೋದ ಕಿವಿ ಹಿಂಡುವುದು ಎನ್ನುತ್ತಿದ್ದೆವು. ಮೇಷ್ಟರಿಗೆ ಆ ಮಾತು ಹೆಚ್ಚು ಪ್ರಿಯ. ಗುಂಡಿಯ ಒಳಗೆ ಇಂಗಾಲದ ಪಟ್ಟಿಯೊಂದರ ಮೇಲೆ ಲೋಹದ ನಾಲಿಗೆ ಜಾರುತ್ತದೆ. ಆ ಪಟ್ಟಿಯ ರೋಧ ಉದ್ದಕ್ಕೂ ಒಂದೇ ಸಮನಾಗಿರುವುದಿಲ್ಲ. ಆರಂಭದಲ್ಲಿ ಬಲು ನಿಧಾನವಾಗಿ, ಕೊನೆಗೆ ವೇಗವಾಗಿ ಸದ್ದು ಏರುವಂತೆ ಅದನ್ನು ಬೇಕೆಂದೇ ರಚಿಸಿರುತ್ತಾರೆ. ಜರ್ಮನಿಯ ಫೆಕ್ನರ್ 1860ರಲ್ಲಿ ಪ್ರತಿಪಾದಿಸಿದ ತತ್ತ್ವ ಇದಕ್ಕೆ ಆಧಾರ: ಇಂದ್ರಿಯಗಳು ಕೂಡಿಕೆಯನ್ನು ಅಳೆಯುವುದಿಲ್ಲ, ಗುಣಾಕಾರವನ್ನು ಅಳೆಯುತ್ತವೆ. ನಮ್ಮ ನಾಡಿನ ಮೊದಲ ಬಾನುಲಿ ನಿಲಯವನ್ನು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ, ಕೇವಲ 30 ವಾಟ್ ಪ್ರೇಷಕದಿಂದ ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು ಎಂಬುದನ್ನು ಇಲ್ಲಿ ನೆನೆಯಲು ನನಗೆ ಸಂತೋಷವಾಗುತ್ತದೆ. ‘ಆಕಾಶವಾಣಿ’ ಎಂಬ ಹೆಸರು ಮೊದಲು ಬಂದದ್ದು ಆ ನಿಲಯಕ್ಕೆ. ದೇಶದ ಬಾನುಲಿಗೆ ಅದು ಬಳಿಕ ಬಂತು.

ಮಂಗಳೂರು ಆಕಾಶವಾಣಿ 1976ರಲ್ಲಿ ಆರಂಭವಾದಾಗ ಬಂಟ್ವಾಳ, ಬೆಳ್ತಂಗಡಿಯ ಮನೆಗಳಿಗೆ ನಮ್ಮದೇ ಊರಿನ ಧ್ವನಿ ಬಂದಂತಾಯಿತು. ಗಲ್ಫ್‌ಗೆ ಹೋದವರು ಟೇಪ್‌ರೆಕಾರ್ಡರುಗಳನ್ನು ತಂದರು. 1979ರಲ್ಲಿ ಜಪಾನಿನ ಸೋನಿ ಕಂಪೆನಿ ಹೊರತಂದ ವಾಕ್‌ಮನ್ ಕೂಡ ಕೆಲವು ಮನೆಗಳಿಗೆ ಕಾಲಿಟ್ಟಿತು. ಇವೆಲ್ಲದರಲ್ಲಿ ಒಂದು ಗುಣ ಸಮಾನವಾಗಿತ್ತು: ಗುಂಡಿ ಎಲ್ಲಿ ಬೇಕಾದರೂ ನಿಲ್ಲುತ್ತಿತ್ತು. ಮಗು ಮಲಗಿರುವಾಗ ತಾಳಮದ್ದಳೆ ಕೇಳಬೇಕಾದವನು ಗುಂಡಿಯನ್ನು ಕೂದಲೆಳೆಯಷ್ಟು ತಿರುವಿ, ಶೇಣಿಯವರ ಅರ್ಥ ತನಗೆ ಮಾತ್ರ ಕೇಳುವಂತೆ ಮಾಡಿಕೊಳ್ಳುತ್ತಿದ್ದ.

ಆ ಕೂದಲೆಳೆ ಕಳೆದುಹೋದದ್ದು ಮೊಬೈಲ್ ಫೋನಿನ ಕಾಲದಲ್ಲಿ. 1998ರಲ್ಲಿ ಕಂಪೆನಿಗಳ ಒಕ್ಕೂಟವೊಂದು ಕೈಗೆತ್ತಿಕೊಂಡ ಬ್ಲೂಟೂತ್ ತಂತ್ರಜ್ಞಾನ ತಂತಿಯನ್ನು ತೆಗೆಯಿತು. ಫೋನು ಮತ್ತು ಹೆಡ್‌ಫೋನು ಸದ್ದಿನ ಮಟ್ಟವನ್ನು ಅಂಕಿಯ ರೂಪದಲ್ಲಿ ಮಾತಾಡಿಕೊಳ್ಳುವ ವ್ಯವಸ್ಥೆಯೂ ಬಂತು. ಅದರಲ್ಲಿ 0ಯಿಂದ 127ರವರೆಗೆ 128 ಮಟ್ಟಗಳಿವೆ. ಧಾರಾಳವೇ ಆಯಿತು. ಆದರೆ ಹೆಚ್ಚಿನ ಆಂಡ್ರಾಯ್ಡ್ ಫೋನುಗಳು ಆ ಧಾರಾಳವನ್ನು 15 ಮೆಟ್ಟಿಲುಗಳಿಗೆ ಇಳಿಸಿಬಿಟ್ಟವು. ಮೊದಲ ಮೆಟ್ಟಿಲು ನೆಲದಿಂದ ಎಷ್ಟು ಎತ್ತರದಲ್ಲಿರಬೇಕು ಎಂಬುದು ಹೆಡ್‌ಫೋನು ತಯಾರಿಸಿದವನ ಮರ್ಜಿ.

ಒಂದು ಲೆಕ್ಕ ಮಾಡೋಣ. (ಹಳೆಯ ಚಟ, ಕ್ಷಮೆಯಿರಲಿ.) ಹದಿನೈದನೆಯ ಮೆಟ್ಟಿಲಿನಲ್ಲಿ ಹೆಡ್‌ಫೋನು 100 ಡೆಸಿಬೆಲ್ ಕೊಡುತ್ತದೆ ಎನ್ನೋಣ. ತಯಾರಕನು ಸಂಕೇತವನ್ನು ಹದಿನೈದು ಸಮಪಾಲು ಮಾಡಿದರೆ ಮೊದಲ ಮೆಟ್ಟಿಲು ಕೇವಲ 23.5 ಡೆಸಿಬೆಲ್ ಕೆಳಗೆ, ಅಂದರೆ ಸುಮಾರು 76ರಲ್ಲಿ ನಿಲ್ಲುತ್ತದೆ. ಪ್ರತಿ 10 ಡೆಸಿಬೆಲ್ ಇಳಿತಕ್ಕೆ ಸದ್ದು ಅರ್ಧವಾದಂತೆ ನಮಗೆ ತೋರುವುದರಿಂದ, ಕಿವಿಯ ಪಾಲಿಗೆ ಅದು ಹದಿನೈದರಲ್ಲೊಂದು ಪಾಲಲ್ಲ, ಐದರಲ್ಲೊಂದು! ಜಾಣನಾದ ತಯಾರಕ ಮೆಟ್ಟಿಲಿಗೆ 3 ಡೆಸಿಬೆಲ್‌ನಂತೆ ಇಳಿಸಿದರೂ ಹದಿನಾಲ್ಕು ಮೆಟ್ಟಿಲಿಗೆ ಇಳಿಯುವುದು 42, ಉಳಿಯುವುದು 58. ನೀರವ ರಾತ್ರಿಯಲ್ಲಿ 58 ಡೆಸಿಬೆಲ್ ಎಂದರೆ ಎದುರು ಕುಳಿತವರ ಸಾಧಾರಣ ಮಾತು. ಪಿಸುಮಾತಿಗೆ ಎಡೆಯೇ ಇಲ್ಲ.

ಇದರ ಪಕ್ಕದಲ್ಲಿ ಕಾನೂನನ್ನಿಟ್ಟು ನೋಡಿದಾಗ ಸ್ವಾರಸ್ಯ ತಿಳಿಯುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಸದ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗಿನ ಮಿತಿ 45 ಡೆಸಿಬೆಲ್. ಸರ್ವೋಚ್ಚ ನ್ಯಾಯಾಲಯ 2005ರ ಜುಲೈಯ ತೀರ್ಪಿನಲ್ಲಿ ರಾತ್ರಿಯ ಧ್ವನಿವರ್ಧಕಗಳ ವಿಷಯದಲ್ಲಿ ಕಟ್ಟುನಿಟ್ಟಾಯಿತು. ನಮ್ಮ ಜಿಲ್ಲೆಯಲ್ಲಿ ಇದರ ಬಿಸಿ ತಟ್ಟಿದ್ದು ಯಕ್ಷಗಾನಕ್ಕೆ. 2022ರಲ್ಲಿ ಕಟೀಲಿನ ಮೇಳಗಳು ಕಾಲಮಿತಿಗೆ ಹೊರಳಿದಾಗ ಊರೂರಿನಲ್ಲಿ ನಡೆದ ಚರ್ಚೆ ನಿಮಗೆ ಗೊತ್ತೇ ಇದೆ. ನೆರೆಯವರ ನಿದ್ದೆಯ ಹಕ್ಕನ್ನು ನಾನು ಅಲ್ಲಗಳೆಯುವುದಿಲ್ಲ. ಪರೀಕ್ಷೆಯ ತಿಂಗಳುಗಳಲ್ಲಿ ಮೈಕಿನವರ ಬಳಿ ವಿನಂತಿಸಿಕೊಂಡವರಲ್ಲಿ ನಾನೂ ಒಬ್ಬ. ಆದರೆ ಬೆಳಗಿನವರೆಗೆ ಆಟ ಕೇಳಿ ಬೆಳೆದ ಕಿವಿ ಹತ್ತು ಗಂಟೆಗೆ ನಿದ್ದೆಹೋಗುವುದಿಲ್ಲ. ಅದು ಧ್ವನಿಮುದ್ರಣಗಳ ಮೊರೆಹೋಗುತ್ತದೆ. ಮನೆಯವರಿಗೆ ತೊಂದರೆಯಾಗದಂತೆ ಹೆಡ್‌ಫೋನು ಧರಿಸುತ್ತದೆ. ಬಯಲಿನಲ್ಲಿ 45ರ ಮಿತಿಯನ್ನು ಮನ್ನಿಸಿ ಒಳಬಂದವನ ಕಿವಿಯಲ್ಲಿ ಯಂತ್ರವು 58ರಿಂದ ಆರಂಭಿಸುತ್ತದೆ!

ಹೆಡ್‌ಫೋನಿಗೂ ಮಾರ್ಗಸೂಚಿಗಳಿಲ್ಲವೆಂದಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವೂ ಸೇರಿ 2018ರಲ್ಲಿ ರೂಪಿಸಿದ ಮಾನದಂಡ ವಯಸ್ಕರಿಗೆ ವಾರಕ್ಕೆ 40 ಗಂಟೆ 80 ಡೆಸಿಬೆಲ್, ಮಕ್ಕಳಿಗೆ 75 ಡೆಸಿಬೆಲ್ ಎಂದು ಹೇಳುತ್ತದೆ. ಯುವಕರ ಕಿವಿ ಉಳಿಸುವ ದೃಷ್ಟಿಯಿಂದ ಅತ್ಯಗತ್ಯವಾದ ಕಾರ್ಯ. ಆದರೆ ಇದೂ ಛಾವಣಿಯ ಮಾತೇ, ನೆಲದ ಮಾತಲ್ಲ.

ಮುದುಕರ ಕಿವಿಯ ಸಂಗತಿಯನ್ನೂ ಹೇಳಬೇಕು. ವಯಸ್ಸಾದಾಗ ಕಿವಿ ಮಂದವಾಗುತ್ತದೆ, ಆದ್ದರಿಂದ ಜೋರಾಗಿದ್ದರೆ ಒಳ್ಳೆಯದು ಎಂದು ಮಕ್ಕಳು ಭಾವಿಸುತ್ತಾರೆ. ಶ್ರವಣತಜ್ಞರು ಹೇಳುವುದು ಬೇರೆ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ನಶಿಸಿದಾಗ ಮೆಲುಸದ್ದು ಕೇಳಿಸುವುದಿಲ್ಲ. ಆದರೆ ಕೇಳಿಸತೊಡಗಿದ ಬಳಿಕ ಸದ್ದು ಸ್ವಲ್ಪ ಏರಿದರೂ ಬಹಳ ಏರಿದಂತೆ ಭಾಸವಾಗುತ್ತದೆ. ಕೇಳುವುದಕ್ಕೂ ಸಹಿಸಲಾರದ್ದಕ್ಕೂ ನಡುವಿನ ಅಂಗಳ ಕಿರಿದಾಗಿಬಿಡುತ್ತದೆ. ಅಂಥವರಿಗೆ ಬೇಕಾದದ್ದು ಸಣ್ಣ ಸಣ್ಣ ಮೆಟ್ಟಿಲು; ಸಿಗುವುದು ಜಿಗಿತ. ಅಜ್ಜ ಅಜ್ಜಿಯರು ದುಬಾರಿ ಉಡುಗೊರೆಯನ್ನು ಕಪಾಟಿನಲ್ಲಿಟ್ಟರೆ ಅದು ಹಟವೆಂದು ಎಣಿಸದಿರಿ.

ಬಿ. ಸಿ. ರೋಡಿನ ವಾಹನಗಳ ನಡುವೆ ಬಸ್ಸಿಗೆ ಕಾಯುವವನಿಗೆ ಇದೇ ಮೊದಲ ಮೆಟ್ಟಿಲು ಕೇಳಿಸುವುದೇ ಇಲ್ಲ. ಆಷಾಢದಲ್ಲಿ ಶೀಟಿನ ಮಾಡಿನ ಮೇಲೆ ಮಳೆ ಸುರಿಯುವಾಗ ನನಗೂ ಐದನೆಯ ಮೆಟ್ಟಿಲು ಸಾಲುವುದಿಲ್ಲ. ಯಂತ್ರದ ರೂಪುರೇಷೆ ಬರೆದವರು ಪೇಟೆಯ ಬೀದಿಯನ್ನೂ ವಿಮಾನವನ್ನೂ ಕಲ್ಪಿಸಿಕೊಂಡಿರಬೇಕು. ಅಡಕೆ ತೋಟದ ನಡುವಿನ ಮನೆಯ ಮಾಘಮಾಸದ ರಾತ್ರಿ ಅವರ ಕಲ್ಪನೆಗೆ ಬಂದಂತಿಲ್ಲ.

ಉಪಾಯಗಳು ಕೆಲವಿವೆ. ಆಂಡ್ರಾಯ್ಡ್ ಫೋನಿನ ಡೆವಲಪರ್ ಆಯ್ಕೆಗಳಲ್ಲಿ ‘ಅಬ್ಸೊಲ್ಯೂಟ್ ವಾಲ್ಯೂಮ್’ ಎಂಬುದನ್ನು ನಿಷ್ಕ್ರಿಯಗೊಳಿಸಿದರೆ ಫೋನಿನ ಮಟ್ಟವೂ ಹೆಡ್‌ಫೋನಿನ ಮಟ್ಟವೂ ಬೇರೆ ಬೇರೆಯಾಗುತ್ತವೆ. ಹೆಡ್‌ಫೋನಿನಲ್ಲೇ ಗುಂಡಿಯಿದ್ದರೆ ಅದನ್ನು ತಗ್ಗಿಸಿಟ್ಟು ಉಳಿದದ್ದನ್ನು ಫೋನಿನಲ್ಲಿ ಹೊಂದಿಸಬಹುದು. ಈಕ್ವಲೈಸರ್ ಇರುವ ಆಪ್‌ಗಳಲ್ಲಿ ಎಲ್ಲ ಪಟ್ಟಿಗಳನ್ನೂ ಒಟ್ಟಿಗೆ ಕೆಳಗಿಳಿಸಿದರೂ ಸದ್ದು ಇಳಿಯುತ್ತದೆ. ಸ್ಯಾಮ್‌ಸಂಗ್ ಫೋನುಳ್ಳವರಿಗೆ ಮೆಟ್ಟಿಲುಗಳನ್ನು ಸಣ್ಣದಾಗಿಸುವ ‘ಸೌಂಡ್ ಅಸಿಸ್ಟೆಂಟ್’ ಎಂಬ ಆಪ್ ಇದೆ. ಇವಾವುವೂ ಕೈಗೂಡದ ರಾತ್ರಿಗಳಲ್ಲಿ ನಾನು ಹೆಡ್‌ಫೋನನ್ನು ಕಿವಿಗೆ ಹಾಕದೆ ದಿಂಬಿನ ಪಕ್ಕದಲ್ಲಿ, ಒಂದು ಗೇಣು ದೂರದಲ್ಲಿ ಇಟ್ಟು ಮಲಗುತ್ತೇನೆ. ಚೆಂಡೆ ಆಗ ಗುಡ್ಡದಾಚೆಯಿಂದ ಬಂದಂತೆ ಕೇಳುತ್ತದೆ.