ಮೋಟಾರ್ ನ್ಯೂರಾನ್ ಕಾಯಿಲೆಯ ಪತ್ತೆಯಲ್ಲಿ ಇಎಂಜಿ: ಸೂಜಿ ತೋರುವ ಹರವು

ಮೋಟಾರ್ ನ್ಯೂರಾನ್ ಕಾಯಿಲೆಗಳಲ್ಲಿ ಹೆಚ್ಚಾಗಿ ಕಂಡುಬರುವ ಎಎಲ್‌ಎಸ್ ಇದೆಯೆಂದು ಇಎಂಜಿ, ಅಂದರೆ ಸ್ನಾಯುವಿಗೆ ಸೂಜಿ ಇಳಿಸಿ ಅದರ ವಿದ್ಯುತ್ ಚಟುವಟಿಕೆ ನೋಡುವ ಪರೀಕ್ಷೆಯ ವರದಿಯೊಂದರಿಂದಲೇ ತೀರ್ಮಾನಿಸಲಾಗದು. ಯಾವ ಸ್ನಾಯು ನರದ ಸಂಪರ್ಕ ಕಳೆದುಕೊಂಡಿದೆ, ಆ ನಷ್ಟ ಮೈಯಲ್ಲಿ ಎಲ್ಲೆಲ್ಲಿ ಹಬ್ಬಿದೆ ಎಂಬುದಷ್ಟೇ ಸೂಜಿಗೆ ಗೊತ್ತಾಗುತ್ತದೆ. ಮಿದುಳಿನಿಂದ ಇಳಿಯುವ ಮೇಲಿನ ನರಕೋಶಗಳ ಹಾನಿ ಅದಕ್ಕೆ ಕಾಣದು. ಅದನ್ನು ವೈದ್ಯರು ಮಂಡಿಗೆ ಸುತ್ತಿಗೆ ತಟ್ಟಿಯೇ ನೋಡಬೇಕು.

ಹೆಬ್ಬೆರಳು, ತೋರುಬೆರಳುಗಳ ನಡುವಣ ಸ್ನಾಯುವಿಗೆ ಸೂಜಿ ಇಳಿಸಿ ಕೈ ಸಡಿಲ ಬಿಡಲು ಹೇಳುತ್ತಾರೆ. ಆರೋಗ್ಯವಂತ ಸ್ನಾಯು ಆಗ ಸುಮ್ಮನಿರುತ್ತದೆ. ನರ ತಪ್ಪಿದ ಎಳೆಗಳು ತಾವಾಗಿಯೇ ಮಿಡಿಯುತ್ತವೆ. ಯಂತ್ರದ ಸ್ಪೀಕರಿನಲ್ಲಿ ಅದು ತಗಡಿನ ಮಾಡಿನ ಮೇಲೆ ಹನಿ ಬಿದ್ದಂತೆ ಕೇಳುತ್ತದೆ. ಇದು ಫೈಬ್ರಿಲೇಷನ್. ಒಂದು ನರಕೋಶಕ್ಕೆ ಸೇರಿದ ಎಳೆಗಳೆಲ್ಲ ಒಟ್ಟಿಗೇ ಅದುರಿದರೆ ಫ್ಯಾಸಿಕ್ಯುಲೇಷನ್. ಇದು ಚರ್ಮದ ಮೇಲೂ ಕಾಣಬಹುದು. ಡೆನ್ನಿ-ಬ್ರೌನ್ ಮತ್ತು ಪೆನ್ನಿಬೇಕರ್ 1938ರಲ್ಲೇ ಇವೆರಡನ್ನೂ ಬಿಡಿಸಿ ತೋರಿಸಿದ್ದರು. ಆಮೇಲೆ ಕೈ ಬಿಗಿಯಲು ಹೇಳಿದಾಗ ಅಲೆಗಳು ಎತ್ತರವಾಗಿ, ಅಗಲವಾಗಿ, ಆದರೆ ವಿರಳವಾಗಿ ಮೂಡಿದರೆ, ಅಳಿದುಳಿದ ನರಕೋಶಗಳು ನೆರೆಯ ಅನಾಥ ಎಳೆಗಳನ್ನೂ ವಹಿಸಿಕೊಂಡಿವೆ ಎಂದರ್ಥ.

ಫ್ಯಾಸಿಕ್ಯುಲೇಷನ್‌ಗೆ ಎಷ್ಟು ಬೆಲೆ ಕೊಡಬೇಕು ಎಂಬುದು ಬಹುಕಾಲದ ತಕರಾರು. ಎಎಲ್‌ಎಸ್ ಪತ್ತೆಗೆ ಬಳಸುತ್ತಿದ್ದ ಎಲ್ ಎಸ್ಕೋರಿಯಲ್ ಮಾನದಂಡಗಳು ಸಕ್ರಿಯ ಹಾನಿಗೆ ಫೈಬ್ರಿಲೇಷನ್‌ನಂಥ ಗುರುತುಗಳನ್ನೇ ಕೇಳುತ್ತಿದ್ದವು. 2006ರಲ್ಲಿ ಜಪಾನಿನ ಅವಾಜಿ ದ್ವೀಪದಲ್ಲಿ ಸೇರಿದ ತಜ್ಞರು, ಹಳೆಯ ನರಹಾನಿಯ ಲಕ್ಷಣಗಳ ಜೊತೆಗಿದ್ದರೆ ಫ್ಯಾಸಿಕ್ಯುಲೇಷನ್‌ಗೂ ಅಷ್ಟೇ ತೂಕವೆಂದರು. ಈ ‘ಜೊತೆಗಿದ್ದರೆ’ ಎಂಬ ಷರತ್ತನ್ನು ಮರೆಯುವಂತಿಲ್ಲ. ಆರೋಗ್ಯವಂತರ ಮೀನಖಂಡವೂ ಅದುರುತ್ತದೆ.

ನಾಲಿಗೆ-ಮುಖ, ಕುತ್ತಿಗೆ, ಎದೆ, ಸೊಂಟ ಎಂಬ ನಾಲ್ಕು ವಲಯಗಳಲ್ಲಿ ಪುರಾವೆ ಹುಡುಕಬೇಕು. ಕೈ, ಕಾಲುಗಳಲ್ಲಾದರೆ ಬೇರೆಬೇರೆ ನರಮೂಲ ಮತ್ತು ನರಗಳಿಗೆ ಸೇರಿದ ಎರಡು ಸ್ನಾಯುಗಳು ಬೇಕು. ನನ್ನ ಅಭಿಪ್ರಾಯದಲ್ಲಿ ಬೆನ್ನಿನ ನಡುಭಾಗದ ಸ್ನಾಯುವನ್ನು ಬಿಡಬಾರದು: ಕುತ್ತಿಗೆ, ಸೊಂಟ ಎರಡರ ಮೂಳೆಯೂ ಸವೆದವರ ಕೈಕಾಲಿನ ವರದಿ ಎಎಲ್‌ಎಸ್‌ನಂತೆಯೇ ಕಾಣಬಹುದು, ಎದೆಯ ಮಟ್ಟದಲ್ಲಿ ಅಂಥ ಸವೆತ ನರವನ್ನು ಒತ್ತುವುದು ಅಪರೂಪ.

ಹರವು ಎಷ್ಟು ಮುಖ್ಯ ಎನ್ನುವುದಕ್ಕೆ ಬೆಂಗಳೂರಿನದೇ ನಿದರ್ಶನವಿದೆ. ನಿಮ್ಹಾನ್ಸ್‌ನ ಗೌರೀದೇವಿ ಮತ್ತು ಸಹೋದ್ಯೋಗಿಗಳು 1984ರಲ್ಲಿ ಮೊನೊಮೆಲಿಕ್ ಅಮಯೋಟ್ರೊಫಿಯನ್ನು ವಿವರಿಸಿದರು. ಬಹುತೇಕ ಯುವಕರಲ್ಲೇ ಕಾಣುವ ಈ ಕಾಯಿಲೆಯಲ್ಲಿ ಒಂದೇ ಕೈ ಅಥವಾ ಕಾಲು ಕೆಲವು ವರ್ಷ ಸೊರಗಿ, ಅಲ್ಲಿಗೇ ನಿಲ್ಲುತ್ತದೆ. ಸೊರಗಿದ ಕೈಯೊಂದನ್ನೇ ಚುಚ್ಚಿದರೆ ಸೂಜಿಗೆ ಸಿಗುವುದು ಎಎಲ್‌ಎಸ್‌ನಲ್ಲಿ ಸಿಗುವಂಥ ಹಾನಿಯೇ. ನಾಲಿಗೆ, ಬೆನ್ನು, ಕಾಲುಗಳು ಶುದ್ಧವಾಗಿವೆಯೇ, ಕೆಲವು ತಿಂಗಳ ನಂತರವೂ ಹಾಗೇ ಉಳಿದಿವೆಯೇ ಎಂಬುದರ ಮೇಲೆ ಆ ಯುವಕನಿಗೆ ಹೇಳಬೇಕಾದ ಮಾತು ನಿಂತಿದೆ.