ಗರಿ ಕಿತ್ತುಕೊಳ್ಳುವ ಕಾಕಟೂ: ಮನೆಗೆ ತಂದವರು ಏನು ಮಾಡಬೇಕು?

ಯಾರೋ ಸಾಕಲಾಗದೆ ಬಿಟ್ಟ ಕಾಕಟೂವನ್ನು ಮನೆಗೆ ತಂದಿದ್ದೀರಿ. ಎದೆಯ ಗರಿ ಕಿತ್ತುಕೊಂಡು ಚರ್ಮ ಕಾಣ್ತಿದೆ. ಹಟ ಅಂತ ಬೈಬೇಡಿ. ಆಸ್ಟ್ರೇಲಿಯಾ, ಇಂಡೋನೇಷ್ಯಾ ಕಡೆಯ ಈ ಹಕ್ಕಿ ಜೋಡಿಯಾಗಿ, ಗುಂಪಾಗಿ ಬದುಕುವಂಥದ್ದು. ಪಂಜರದಲ್ಲಿ ಒಂಟಿಯಾಗಿ, ಕೆಲಸವಿಲ್ಲದೆ ಕೂತರೆ ತನ್ನ ಮೈಯನ್ನೇ ಕಚ್ಚಿಕೊಳ್ಳಬಹುದು.

ಮೊದಲು ವೈದ್ಯರು: ಚರ್ಮದ ಸೋಂಕು, ಕೊಕ್ಕು-ಗರಿಗೆ ಬರುವ ವೈರಸ್ ರೋಗ, ಆಹಾರದ ಕೊರತೆಯೂ ಕಾರಣ ಇರಬಹುದು. ಹಕ್ಕಿಗಳನ್ನು ನೋಡುವ ಪಶುವೈದ್ಯರಿಗೆ ತೋರಿಸಿ. ರಕ್ತ ಬಂದರೆ ಅದೇ ದಿನ ಹೋಗಿ.

ಊಟ: ಸೂರ್ಯಕಾಂತಿ ಬೀಜವೊಂದೇ ಸಾಲದು. ಕ್ಯಾರೆಟ್, ಸೊಪ್ಪು, ಬೇಯಿಸಿದ ಕಾಳು ನಿಧಾನವಾಗಿ ರೂಢಿ ಮಾಡಿಸಿ. ಬೆಣ್ಣೆಹಣ್ಣು, ಚಾಕೊಲೇಟ್ ವಿಷ. ವಿಪರೀತ ಕಾದ ನಾನ್‌ಸ್ಟಿಕ್ ಪಾತ್ರೆಯ ಹೊಗೆಯೂ ಪ್ರಾಣ ತೆಗೆಯುತ್ತದೆ.

ಕೆಲಸ, ನಿದ್ದೆ: ಕಚ್ಚಿ ಹರಿಯಲು ಬಣ್ಣ ಹಚ್ಚದ ಮರದ ತುಂಡು, ರಟ್ಟು ಕೊಡಿ. ರಾತ್ರಿ 10-12 ಗಂಟೆ ಕತ್ತಲು, ನಿಶ್ಶಬ್ದ ಬೇಕು. ಅಂಗಡಿ ಬಾಗಿಲಲ್ಲಿ ಪಂಜರ ತೂಗುಹಾಕಬೇಡಿ.

ನಂಬಿಕೆ: ಕೈ ಹಾಕಿ ಹಿಡಿಯಬೇಡಿ. ದಿನಾ ಒಂದೇ ಹೊತ್ತಿಗೆ ಪಕ್ಕ ಕೂತು ಮೆಲ್ಲಗೆ ಮಾತಾಡಿ. ಅದು ಹಿಂದೆ ಸರಿದರೆ ನೀವೂ ಸರಿಯಿರಿ. ತಾನಾಗೇ ಹತ್ತಿರ ಬಂದಾಗ ಬಾದಾಮಿಯ ಚೂರು ಕೊಡಿ. ಗರಿ ಕೀಳುವಾಗೆಲ್ಲ ಓಡಿ ಹೋದರೆ, ಕಿತ್ತರೆ ಜನ ಬರ್ತಾರೆ ಅಂತ ಕಲಿಯುತ್ತದೆ. ಆಡಿಕೊಂಡಿದ್ದಾಗ ಮಾತಾಡಿಸಿ.

ನೋಂದಣಿ: ಕೇಂದ್ರದ 2024ರ ನಿಯಮದಂತೆ ಇಂಥ ವಿದೇಶಿ ಹಕ್ಕಿ ಸಾಕುವವರು ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಬೇರೆಯವರಿಂದ ಪಡೆದಿದ್ದರೂ ತಿಳಿಸಬೇಕು.

ಚೇತರಿಕೆಗೆ ತಿಂಗಳುಗಟ್ಟಲೆ ಬೇಕು. ಗರಿಯ ಬುಡ ಹಾಳಾದ ಕಡೆ ಮತ್ತೆ ಗರಿ ಬಾರದಿರಬಹುದು. ಹೊಸ ಗಾಯ ನಿಂತು, ಚೆನ್ನಾಗಿ ತಿಂದು ಆಡುತ್ತಿದ್ದರೆ ಹಕ್ಕಿ ಸುಧಾರಿಸುತ್ತಿದೆ ಎಂದೇ ತಿಳಿಯಿರಿ.